ಇನ್ನೂ ಜಾವಾ ಆಗಿಲ್ಲ

ವಾಗಿರಾ ಹುಟ್ಟಿದ್ದು ಜಾವಾದಲ್ಲಲ್ಲ, ಸಮುದ್ರದಾಚೆ ಸುಮಾತ್ರಾದ ಲಾಂಪುಂಗ್‌ನಲ್ಲಿ. ಕಾಡು ಕಡಿದು ಹೊಲ ಮಾಡಿಕೊಳ್ಳಿ ಎಂದು ಸರ್ಕಾರ ಜಾವಾದ ಬಡವರನ್ನು ಹಡಗು ಹತ್ತಿಸಿ ಕಳಿಸಿದ ಕಾಲ ಅದು. ಅಲ್ಲಿ ದೊಡ್ಡವರಿಗೆ ಮರದ ಬೊಡ್ಡೆ ಕೀಳುವುದರಲ್ಲೇ ಬೆಳಗಾಗಿ ಬೈಗಾಗುತ್ತಿತ್ತು. ಮಕ್ಕಳು ಯಾರೊಡನೆ ಹೇಗೆ ಮಾತಾಡುತ್ತಾರೆಂದು ತಿದ್ದಲು ಯಾರಿಗೂ ಪುರುಸೊತ್ತಿರಲಿಲ್ಲ. ತಿದ್ದಬೇಕಾದ ಅಜ್ಜ ಅಜ್ಜಿಯರೆಲ್ಲ ಜಾವಾದಲ್ಲೇ ಉಳಿದಿದ್ದರು. ವಾಗಿರಾಳಿಗೆ ಎಂಟು ವರ್ಷವಾದಾಗ ತಾಯಿ ಮಲೇರಿಯಾ ಬಂದು ತೀರಿಕೊಂಡಳು. ತಂದೆ ಮಗಳನ್ನು ಊರಿಗೆ ಹೊರಟಿದ್ದ ಪರಿಚಯದವರ ಜೊತೆ ಮಾಡಿ ತನ್ನ ತಾಯಿಯ ಬಳಿಗೆ ಕಳಿಸಿಬಿಟ್ಟ.

ಹಾಗೆ ಅವಳು ಬಂದಿಳಿದದ್ದು ಮೆನೊರೆ ಬೆಟ್ಟದ ತಪ್ಪಲಿನ ವಾಟುಗೆಡೆಗೆ. ಅರವತ್ತು ಮನೆಯ ಹಳ್ಳಿ. ಅಜ್ಜಿ ಸಿಂಬಾಹ್ ಸೊಂಟೊ ಕಡ್ಡಿಯಂಥ ಹೆಂಗಸು. ಊರಿನಲ್ಲಿ ಯಾರ ಮನೆಯಲ್ಲಿ ಮದುವೆ, ನಾಮಕರಣ, ಸತ್ತವರ ಸಾವಿರನೆಯ ದಿನದ ತಿಥಿ ಏನೇ ಆಗಲಿ, ಅಕ್ಕಪಕ್ಕದ ಹೆಂಗಸರೆಲ್ಲ ಸೇರಿ ಅಡಿಗೆ ಮಾಡುವುದು ರೂಢಿ. ಅಲ್ಲಿ ಅನ್ನದ ಒಲೆ ಮಾತ್ರ ಸಿಂಬಾಹ್ ಸೊಂಟೊಳದು. ಮಿಕ್ಕವರು ಕಾಯಿ ತುರಿಯಲಿ, ಮೆಣಸಿನಕಾಯಿ ಅರೆಯಲಿ, ಅನ್ನದ ಕೋಣೆಗೆ ಅವಳ ಅಪ್ಪಣೆಯಿಲ್ಲದೆ ಕಾಲಿಡುವಂತಿರಲಿಲ್ಲ.

ಹುಡುಗಿ ಬಂದ ಮರುದಿನವೇ ಊರಿನ ಮುಖಂಡ ಬಾಪಕ್ ಜೊಯೊ ಅವರ ಮನೆಯಲ್ಲಿ ಔತಣವಿತ್ತು. ಅಜ್ಜಿ ಮೊಮ್ಮಗಳ ಕೈ ಹಿಡಿದು ಹಿತ್ತಲ ಬಾಗಿಲಿನಿಂದ ಒಳಗೆ ಕರೆದೊಯ್ದಳು. ಬಿಳಿ ಮೀಸೆಯ ಬಾಪಕ್ ಜೊಯೊ ಅಡಿಗೆಮನೆಯ ಹೊಸ್ತಿಲಿನಲ್ಲಿ ನಿಂತು, ಹೊಸ ಮುಖ ನೋಡಿ, "ಯಾವಾಗ ಬಂದೆ, ಗೆಂಡುಕ್?" ಎಂದು ಅಕ್ಕರೆಯಿಂದ ಕೇಳಿದರು. ಹೆಣ್ಣು ಮಗುವನ್ನು ಅಲ್ಲಿ ಹಾಗೆಯೇ ಕರೆಯುವುದು.

"ನಿನ್ನೆ ಬಂದೆ," ಎಂದಳು ವಾಗಿರಾ, ತಲೆಯೆತ್ತಿ, ಅವರ ಮುಖ ನೋಡುತ್ತಾ. "ನೀನು ತಿಂದ್ಯಾ?"

ಲಾಂಪುಂಗ್‌ನಲ್ಲಿ ಎದುರಾದವರನ್ನೆಲ್ಲ ಅವಳು ಕೇಳುತ್ತಿದ್ದದ್ದು ಹಾಗೆಯೇ. ಅಡಿಗೆಮನೆಯಲ್ಲಿ ಒರಳುಕಲ್ಲಿನ ಸದ್ದು ತಟಕ್ಕನೆ ನಿಂತಿತು. ಆಮೇಲೆ ಒಬ್ಬಳು ಕಿಸಕ್ಕೆಂದಳು, ಹಿಂದೆಯೇ ಇಪ್ಪತ್ತು ಮೂವತ್ತು ಹೆಂಗಸರು ನಗುವಿನಲ್ಲಿ ಉರುಳಾಡಿದರು. ವಾಗಿರಾಳಷ್ಟೇ ವಯಸ್ಸಿನ ಪೈನಾ ಎಂಬ ಹುಡುಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕುಣಿದಳು.

"ಪಾಪ, ಬಿಡಿ ಬಾಪಕ್," ಎಂದಳು ಒಬ್ಬ ಮುದುಕಿ, ಕಣ್ಣೊರೆಸಿಕೊಳ್ಳುತ್ತಾ. "ಇನ್ನೂ ಜಾವಾ ಆಗಿಲ್ಲ."

ಆ ಮಾತನ್ನು ಅಲ್ಲಿ ಆಡುವುದು ಎರಡು ಮೂರು ವರ್ಷದ ಕೂಸುಗಳ ಬಗ್ಗೆ. ಮಗು ನೆಂಟರ ಚಾಪೆಯ ಮೇಲೆ ಉಚ್ಚೆ ಹೊಯ್ದರೆ, ಎಡಗೈ ಚಾಚಿ ತಿಂಡಿ ಕಸಿದರೆ, ‘ಇನ್ನೂ ಜಾವಾ ಆಗಿಲ್ಲ’ ಎಂದು ನಕ್ಕು ಬಿಡುತ್ತಾರೆ. ಹುಟ್ಟಿದ ಮಾತ್ರಕ್ಕೆ ಯಾರೂ ಜಾವಾದವರಾಗುವುದಿಲ್ಲ. ನಾಚಿಕೆ ಕಲಿತ ಮೇಲೆ ಆಗುತ್ತಾರೆ. ಎಂಟು ವರ್ಷದ ಹುಡುಗಿಗೆ ಆ ಮಾತು ಬಿದ್ದದ್ದು ಅವತ್ತೇ ಮೊದಲು. ಯಾಕೆ ನಗುತ್ತಿದ್ದಾರೆಂದು ವಾಗಿರಾಳಿಗೆ ತಿಳಿಯಲಿಲ್ಲ. ತನ್ನನ್ನೇ ನೋಡಿ ನಗುತ್ತಿದ್ದಾರೆಂಬುದು ಮಾತ್ರ ತಿಳಿಯಿತು. ಕಿವಿಗಳು ಸುಟ್ಟ ಹಾಗೆ ಬಿಸಿಯಾದವು.

ಸಿಂಬಾಹ್ ಸೊಂಟೊ ಗದರಲಿಲ್ಲ. ಮೊಮ್ಮಗಳ ಬೆನ್ನು ಬಾಗುವಂತೆ ಕುತ್ತಿಗೆಯ ಮೇಲೆ ಹಗುರಾಗಿ ಕೈಯಿಟ್ಟು, ಅವಳ ಪರವಾಗಿ ತಾನೇ ಮೆಲುದನಿಯಲ್ಲಿ ಹೇಳಿದಳು: "‘ಬಾಪಕ್ ಅವರದು ಊಟ ಆಯಿತೇ’ ಅಂತ ಕೇಳ್ತಿದ್ದಾಳೆ, ಕೂಸು."

"ಆಯ್ತಮ್ಮಾ, ಆಯ್ತು," ಎಂದು ಬಾಪಕ್ ಜೊಯೊ ನಗುತ್ತ ಹೊರಟುಹೋದರು.

ಅಂದಿನಿಂದ ಪಾಠ ಶುರುವಾಯಿತು. ಪಾಠವೆಂದು ಅದನ್ನು ಯಾರೂ ಕರೆಯಲಿಲ್ಲ. ಅನ್ನ ತಿನ್ನುವುದೊಂದಕ್ಕೇ ಮೂರು ಮಾತುಗಳಿದ್ದವು: ಓರಗೆಯವರಿಗೆ ಒಂದು, ತನ್ನ ಬಗ್ಗೆ ತಗ್ಗಿ ಹೇಳಿಕೊಳ್ಳಲು ಒಂದು, ದೊಡ್ಡವರಿಗೆ ಒಂದು. ಮಲಗುವುದಕ್ಕೂ ಮೂರು, ಹೋಗುವುದಕ್ಕೂ ಮೂರು. ಹಿರಿಯರು ಕುಳಿತಲ್ಲಿ ಸೊಂಟ ಬಗ್ಗಿಸಿ ಹಾಯಬೇಕು. ದಾರಿ ತೋರಿಸುವಾಗ ತೋರುಬೆರಳಲ್ಲ, ಹೆಬ್ಬೆರಳು. ಕೊಡುವುದು, ತೆಗೆದುಕೊಳ್ಳುವುದು ಬಲಗೈಯಲ್ಲಿ. ಯಾರಾದರೂ ತಿಂಡಿ ಕೊಟ್ಟರೆ ಮೊದಲ ಸಲ ಬೇಡ, ಎರಡನೆಯ ಸಲವೂ ಬೇಡ. ಮೂರನೆಯ ಸಲ ಕೇಳಿದರೆ, ಕೇಳಿದರೆ ಮಾತ್ರ, ಚೂರು. ಅಜ್ಜಿ ಇದ್ಯಾವುದನ್ನೂ ಕೂರಿಸಿಕೊಂಡು ಹೇಳಿಕೊಡಲಿಲ್ಲ. ಹುಡುಗಿ ತಪ್ಪಿದಾಗಲೆಲ್ಲ ಸರಿಯಾದ ಮಾತನ್ನು ತಾನು ಮೆಲ್ಲಗೆ ಆಡುತ್ತಿದ್ದಳು, ಅಷ್ಟೆ. ಹುಡುಗಿ ಅದನ್ನು ಗಿಳಿಯ ಹಾಗೆ ಮತ್ತೆ ಆಡಬೇಕಿತ್ತು.

ಒಂದು ವರ್ಷದಲ್ಲಿ ವಾಗಿರಾ ಕಲಿತಳು. ಬೇಕಾದ್ದಕ್ಕಿಂತ ಹೆಚ್ಚೇ ಕಲಿತಳು. ದೊಡ್ಡ ಮಾತುಗಳೆಲ್ಲ ಒಳ್ಳೆಯವು, ಸಣ್ಣ ಮಾತುಗಳೆಲ್ಲ ಕೆಟ್ಟವು ಎಂದು ಅವಳ ತಲೆಯಲ್ಲಿ ಕೂತಿತು. ಇನ್ನೊಂದು ಔತಣದ ದಿನ ಪೈನಾಳ ತಾಯಿ, "ನಿಂದು ಊಟ ಆಯ್ತಾ ಗೆಂಡುಕ್?" ಎಂದಾಗ, ವಾಗಿರಾ ಕೈ ಜೋಡಿಸಿ, ಬೆನ್ನು ಬಾಗಿಸಿ, ಸ್ಪಷ್ಟವಾಗಿ ಹೇಳಿದಳು: "ಆಯ್ತು. ನಾನು ಆಗಲೇ ಭೋಜನಕ್ಕೆ ದಯಮಾಡಿಸಿದ್ದೇನೆ."

ಮತ್ತೆ ಅಡಿಗೆಮನೆ ಬಿದ್ದುಬಿದ್ದು ನಕ್ಕಿತು. "ಮಹಾರಾಣಿ ದಯಮಾಡಿಸಿದ್ದಾರಂತೆ, ಜಾಗ ಬಿಡ್ರೇ!" ಎಂದು ಯಾರೋ ಕೂಗಿದರು. ಆದರೆ ಈ ನಗು ಬೇರೆ ಥರದ್ದು ಎಂಬುದು ಅವಳಿಗೂ ಗೊತ್ತಾಯಿತು. ಪೈನಾಳ ತಾಯಿ ಅವಳ ಕೆನ್ನೆ ಹಿಂಡಿ, ಹುರಿದ ಸೋಯಾಕಾಳಿನ ಟೆಂಪೆಯ ತುಂಡೊಂದನ್ನು ಬಾಯಿಗೆ ಇಟ್ಟಳು.

ಅಜ್ಜಿ ಅವಳನ್ನು ಹೊಡೆದದ್ದು ಎಂದೂ ಇಲ್ಲ. ಒಂದೇ ಒಂದು ಸಲ ಶಿಕ್ಷೆ ಕೊಟ್ಟಳು. ವಾಗಿರಾಳಿಗೆ ಆಗ ಹತ್ತು ವರ್ಷ. ಔತಣದ ಮನೆಯಿಂದ, ಕಾಯಿಲೆ ಬಿದ್ದು ಬರಲಾಗದ ಹೆಂಗಸೊಬ್ಬಳಿಗೆ ಬಾಳೆಲೆಯ ಪೊಟ್ಟಣದಲ್ಲಿ ಅನ್ನ ಕೊಟ್ಟು ಬರಲು ಅವಳನ್ನು ಕಳಿಸಿದ್ದರು. ಪೊಟ್ಟಣದಲ್ಲಿ ಕೋಳಿಯ ಪಿತ್ತಜನಕದ ತುಂಡೊಂದಿತ್ತು. ದಾರಿಯಲ್ಲಿ ಬಿದಿರ ಮೆಳೆಯ ಹಿಂದೆ ನಿಂತು ಅವಳು ಅದನ್ನು ತಿಂದುಬಿಟ್ಟಳು. ಎರಡು ದಿನವಾದ ಮೇಲೆ ಆ ಹೆಂಗಸು ಬಾವಿಕಟ್ಟೆಯಲ್ಲಿ ನಗುತ್ತಲೇ ಅಂದಳು, "ಅನ್ನ ತುಂಬಾ ಚೆನ್ನಾಗಿತ್ತು ಸಿಂಬಾಹ್. ಕೋಳಿಗೆ ಮಾತ್ರ ಪಿತ್ತಜನಕವೇ ಇರಲಿಲ್ಲವೇನೋ!"

ಸಿಂಬಾಹ್ ಸೊಂಟೊ ಮನೆಗೆ ಬಂದು ಮುಂಬಾಗಿಲು ಹಾಕಿದಳು. ಇದ್ದ ಮೂರು ಕೋಳಿಗಳಲ್ಲಿ ಒಂದನ್ನು ಕೊಯ್ದು, ಅದರ ಪಿತ್ತಜನಕವನ್ನು ಬೇಯಿಸಿ, ನೆಂಟರಿಗೆಂದೇ ಇಟ್ಟಿದ್ದ ಹೂವಿನ ಚಿತ್ರದ ತಟ್ಟೆಯಲ್ಲಿಟ್ಟು ಮೊಮ್ಮಗಳ ಮುಂದೆ ತಂದಳು. ನೆಲದ ಮೇಲೆ ಕೂತು, ತಲೆ ತಗ್ಗಿಸಿ, "ತಾವು ಭೋಜನಕ್ಕೆ ದಯಮಾಡಿಸಬೇಕು," ಎಂದಳು.

ಮೂರು ದಿನ ಹಾಗೆಯೇ ನಡೆಯಿತು. ಅಜ್ಜಿ ಮೊಮ್ಮಗಳನ್ನು ‘ತಾವು’ ಎಂದೇ ಕರೆದಳು. ಸ್ನಾನಕ್ಕೆ ನೀರು ಸೇದಿಟ್ಟು ‘ಅಪ್ಪಣೆಯಾಗಲಿ’ ಎಂದಳು. ಅವಳ ಮುಂದೆ ಸೊಂಟ ಬಗ್ಗಿಸಿ ಹಾದುಹೋದಳು. ಬೆತ್ತದ ಏಟಾಗಿದ್ದರೆ ಒಂದು ದಿನದಲ್ಲಿ ಮಾಯುತ್ತಿತ್ತು. ಮೂರನೆಯ ದಿನ ಸಂಜೆ ವಾಗಿರಾ ಅಜ್ಜಿಯ ಕಾಲು ಹಿಡಿದುಕೊಂಡು, "ನನ್ನ ‘ನೀನು’ ಅನ್ನು ಸಿಂಬಾಹ್, ‘ನೀನು’ ಅನ್ನು," ಎಂದು ಬಿಕ್ಕಿ ಬಿಕ್ಕಿ ಅತ್ತಳು. ಅಜ್ಜಿ ಅವಳ ಕೂದಲು ಬಿಚ್ಚಿ ಹೇನು ನೋಡುತ್ತಾ ಕೂತಳು. ಸ್ವಲ್ಪ ಹೊತ್ತಾದ ಮೇಲೆ, "ಎಣ್ಣೆ ಬಟ್ಟಲು ತಗೊಂಡ್ ಬಾರೇ, ನಿನ್ನ ತಲೆ ಒಣಗಿ ಹುಲ್ಲಾಗಿದೆ," ಎಂದಳು. ಅಲ್ಲಿಗೆ ಮುಗಿಯಿತು. ಊರಿನಲ್ಲಿ ಒಬ್ಬರಿಗೂ ಇದು ಗೊತ್ತಾಗಲಿಲ್ಲ.

ಹದಿನೆಂಟಕ್ಕೆ ವಾಗಿರಾ ಅದೇ ಊರಿನ ಸಾರ್ಜುವನ್ನು ಮದುವೆಯಾದಳು. ಅವನು ಹೊತ್ತು ಮೂಡುವಾಗಲೂ ಇಳಿಯುವಾಗಲೂ ಇಪ್ಪತ್ತು ತೆಂಗಿನ ಮರ ಹತ್ತಿ ನೀರಾ ಇಳಿಸುತ್ತಿದ್ದ. ಅವಳು ಅದನ್ನು ಕುದಿಸಿ, ಕರಟಗಳಿಗೆ ಹೊಯ್ದು ಬೆಲ್ಲ ಮಾಡುತ್ತಿದ್ದಳು. ಸಾರ್ಜು ಮಾತು ಕಡಿಮೆಯ ಮನುಷ್ಯ. ಮರದ ಮೇಲೆ ಮಾತಾಡಲು ಯಾರೂ ಇರುವುದಿಲ್ಲವಾದ್ದರಿಂದ ಅಭ್ಯಾಸ ತಪ್ಪಿದೆ ಎನ್ನುತ್ತಿದ್ದ. ಎರಡು ಮಕ್ಕಳಾದವು. ಅಜ್ಜಿ ತೀರಿಕೊಂಡ ವರ್ಷ, ನಲವತ್ತನೆಯ ದಿನದ ಅಡಿಗೆಗೆ ಹೆಂಗಸರೆಲ್ಲ ಸೇರಿದಾಗ ಅನ್ನದ ಒಲೆಯ ಮುಂದೆ ಯಾರೂ ಕೂರಲಿಲ್ಲ. ಕೊನೆಗೆ ಪೈನಾ ವಾಗಿರಾಳನ್ನು ಮೊಣಕೈಯಿಂದ ತಿವಿದು, "ಕೂತ್ಕೊಳ್ಳೇ, ಇನ್ಯಾರು ಕೂರ್ತಾರೆ?" ಎಂದಳು. ವಾಗಿರಾ ಕೂತಳು. ಆಗ ಅವಳಿಗೆ ಇಪ್ಪತ್ತೊಂಬತ್ತು.

ಅಕ್ಕಿ ತೊಳೆಯಬೇಕು, ಅರೆಬೇಯಿಸಬೇಕು, ಶಂಕುವಿನಂಥ ಬಿದಿರಿನ ಬುಟ್ಟಿಯಲ್ಲಿ ತುಂಬಿ ತಾಮ್ರದ ಹಂಡೆಯ ಹಬೆಯ ಮೇಲೆ ಕೂರಿಸಬೇಕು, ಬೆಂದದ್ದನ್ನು ಮೊರಕ್ಕೆ ಸುರಿದು ಬೀಸಣಿಗೆಯಿಂದ ಗಾಳಿ ಹಾಕಬೇಕು. ಎಷ್ಟು ಜನ ಬರುತ್ತಾರೋ, ಎಷ್ಟು ಮನೆಗೆ ಪೊಟ್ಟಣ ಹೋಗುತ್ತದೋ, ಮನಸ್ಸಿನಲ್ಲೇ ಅಂದಾಜು ಮಾಡಿ ಕೊರತೆಯಾಗದಂತೆ, ಮಿಕ್ಕದಂತೆ ನೋಡಿಕೊಳ್ಳಬೇಕು. ಇಪ್ಪತ್ತೆರಡು ವರ್ಷ ವಾಗಿರಾ ಅದನ್ನು ಮಾಡಿದಳು. ಹೊಸದಾಗಿ ಸೊಸೆಯರಾಗಿ ಬಂದ ಹುಡುಗಿಯರೆಲ್ಲ ಅವಳ ಕೈಕೆಳಗೇ ಪಳಗಿದರು. ಅವಳು ಬಾಯಿ ತೆರೆಯುತ್ತಿರಲಿಲ್ಲ, ನೋಡುತ್ತಿದ್ದಳು. ಕಾಲು ಚಾಚಿ ಕೂತ ಹುಡುಗಿ ಆ ನೋಟ ಬಿದ್ದೊಡನೆ ಮಡಚಿಕೊಳ್ಳುತ್ತಿದ್ದಳು. "ಸಿಂಬೊಕ್ ವಾಗಿರಾನ ಕಣ್ಣಲ್ಲಿ ಮೆಣಸಿನಕಾಯಿ ಇದೆ," ಎಂದು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ತಾಯಿಯ ವಯಸ್ಸಿನವರನ್ನು ಅಲ್ಲಿ ಸಿಂಬೊಕ್ ಎನ್ನುವುದು. ಅವಳು ಸಮುದ್ರದಾಚೆ ಹುಟ್ಟಿದವಳು ಎಂಬುದು ಆ ಹುಡುಗಿಯರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಹಳಬರು, ಪೈನಾಳಂಥ ಒಬ್ಬಿಬ್ಬರ ಹೊರತು, ಒಬ್ಬೊಬ್ಬರಾಗಿ ಹೋಗಿದ್ದರು. ವಾಗಿರಾ ತಾನಾಗಿ ಎಂದೂ ಹೇಳಿರಲಿಲ್ಲ.

ಅವಳಿಗೆ ಐವತ್ತು ದಾಟಿದ ವರ್ಷ, ಲಾರಿ ಓಡಿಸುತ್ತಿದ್ದ ತುಗಿಯೊ ಎಂಬುವನು ತನ್ನ ಸತ್ತ ತಾಯಿಯ ಮನೆಗೆ ಹೆಂಡತಿಯನ್ನು ಕರೆತಂದ. ಹುಡುಗಿಯ ಹೆಸರು ಮುರ್ನಿ. ಲಾಂಪುಂಗ್‌ನವಳು. ಹೇಳಿಕೊಡಲು ಮನೆಯಲ್ಲಿ ಅತ್ತೆಯಿಲ್ಲ, ಗಂಡ ವಾರದಲ್ಲಿ ಐದು ದಿನ ರಸ್ತೆಯ ಮೇಲೆ. ಬಂದ ತಿಂಗಳಿಗೇ ಪೈನಾಳ ಮಗಳ ಮದುವೆ ಬಂತು. ಮುರ್ನಿ ಕರೆಯದೆಯೂ ಉತ್ಸಾಹದಿಂದ ಬಂದಳು, ಮುಂಬಾಗಿಲಿನಿಂದಲೇ ಬಂದಳು. ಅಲ್ಲಿ ಇಲ್ಲಿ ಕಣ್ಣಾಡಿಸಿ, ಎಲ್ಲಕ್ಕಿಂತ ಹೆಚ್ಚು ಕೆಲಸ ಅನ್ನದ ಒಲೆಯ ಬಳಿ ಕಂಡದ್ದರಿಂದ ನೇರ ಅಲ್ಲಿಗೇ ಹೋದಳು. ಎಡಗೈಯಲ್ಲಿ ಅನ್ನದ ಮರದ ಸೌಟು ಹಿಡಿದು, "ನೀನು ಸ್ವಲ್ಪ ಸರಿ, ಸುಸ್ತಾಗಿದ್ದೀಯ. ನಾನು ತುಂಬ್ತೀನಿ," ಎಂದಳು.

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಇಪ್ಪತ್ತೆರಡು ವರ್ಷದಲ್ಲಿ ವಾಗಿರಾಳನ್ನು ಆ ಒಲೆಯ ಮುಂದೆ ‘ನೀನು, ಸರಿ’ ಎಂದವರು ಯಾರೂ ಇರಲಿಲ್ಲ. ಒರಳಿನ ಸದ್ದು ನಿಂತಿತು. ಎಲ್ಲರ ಕಣ್ಣೂ ತನ್ನ ಮೇಲಿದೆ ಎಂಬುದು ವಾಗಿರಾಳಿಗೆ ಗೊತ್ತಾಯಿತು. ಅವಳು ಮೆಲ್ಲಗೆ ಎದ್ದಳು, ಸೊಂಟ ಬಗ್ಗಿಸಿದಳು, ಹೆಬ್ಬೆರಳಿನಿಂದ ಮಣೆ ತೋರಿಸಿದಳು.

"ಅಪ್ಪಣೆ, ದೊಡ್ಡಮ್ಮನವರೇ. ತಾವು ದಯಮಾಡಿಸಿ ವಿರಾಜಮಾನರಾಗಬೇಕು. ಈ ಮುದಿ ದಾಸಿ ಪಕ್ಕಕ್ಕೆ ಸರಿದು ನಿಂತಿರುತ್ತಾಳೆ."

ಮೂವತ್ತು ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇನ್ನೂ ಜಾವಾ ಆಗಿಲ್ಲ ಕಣ್ರೇ!" ಎಂದು ಪೈನಾ ಕಾಯಿತುರಿ ಕೈಯಲ್ಲಿ ಹಿಡಿದೇ ಕೂಗಿದಳು. ಆ ದೊಡ್ಡ ಮಾತುಗಳಲ್ಲಿ ಒಂದೂ ಅರ್ಥವಾಗದೆ ಮುರ್ನಿಯೂ ಅವರ ಜೊತೆ ನಕ್ಕಳು. ಮಣೆಯ ಮೇಲೆ ಕೂತು, ಎಡಗೈಯಿಂದಲೇ ನಾಲ್ಕು ಬುಟ್ಟಿ ತುಂಬಿದಳು. ಸಂಜೆ ಯಾರೋ ಬಿಡಿಸಿ ಹೇಳಿದಾಗ ಅವಳಿಗೆ ತಿಳಿಯಿತು. ಆಮೇಲೆ ಅವಳು ಯಾವ ಮನೆಯ ಅಡಿಗೆಗೂ ಬರಲಿಲ್ಲ.

ಊರಿನಲ್ಲಿ ಯಾರೂ ಜಗಳವಾಡುವುದಿಲ್ಲ. ಮೂರು ಔತಣಕ್ಕೆ ಮುರ್ನಿ ಬರಲಿಲ್ಲ, ನಾಲ್ಕನೆಯದರ ಹೊತ್ತಿಗೆ ಊರು ಅವಳನ್ನು ಬಿಟ್ಟಿತ್ತು, ಅಷ್ಟೆ. ದಾರಿಯಲ್ಲಿ ಎದುರಾದವರು ‘ಎತ್ತ ಹೊರಟೆ?’ ಎಂದು ಕೇಳುವುದನ್ನು ನಿಲ್ಲಿಸಿದರು. ಆ ಒಂದು ಪ್ರಶ್ನೆ ಇಲ್ಲವೆಂದರೆ ಆ ಊರಿನಲ್ಲಿ ಮನುಷ್ಯ ಇಲ್ಲದ ಹಾಗೆ. ಮುರ್ನಿ ಬಸುರಿಯಾದಳು, ಹೊಟ್ಟೆ ದೊಡ್ಡದಾಯಿತು, ತಾಲ್ಲೂಕು ಆಸ್ಪತ್ರೆಯಲ್ಲಿ ಹೆಣ್ಣು ಮಗು ಹೆತ್ತು ಬಂದಳು.

ಮಗುವಿಗೆ ಮೂವತ್ತೈದು ದಿನ ತುಂಬಿದಾಗ ಕೂದಲು ತೆಗೆಸಿ ಊರಿಗೆ ಅನ್ನ ಹಂಚುವುದು ಪದ್ಧತಿ. ಅದರ ಹಿಂದಿನ ದಿನ ಸಾರ್ಜು ಮರದಿಂದಿಳಿದು, ಬೆಲ್ಲದ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ತನ್ನ ಮೊಬೈಲನ್ನು ಕಣ್ಣಿನ ಹತ್ತಿರ, ದೂರ ಹಿಡಿದು ಓದಿದ.

"‘ನಾಳೆ ನಮ್ಮ ಮನೇಲಿ ಮಗೂಗೆ ಮೂವತ್ತೈದು. ಸಿಂಬೊಕ್ ವಾಗಿರಾ ಬಂದು ಸಹಾಯ ಮಾಡಲಿ. ಮುರ್ನಿ.’ ಅಂತ ಬಂದಿದೆ."

"ಏನು?"

"ಮೆಸೇಜು."

"ಕರೆಯೋದು ಅಂದ್ರೆ ಮನೆಗೆ ಬಂದು ಕರೀಬೇಕು," ಎಂದಳು ವಾಗಿರಾ, ಪಾಕ ತಿರುವುತ್ತಾ. "ಬಾವಿಯಿಂದ ಬಿಂದಿಗೆ ಎಳೆದ ಹಾಗೆ ಮೊಬೈಲಲ್ಲಿ ಎಳೆಯೋದಲ್ಲ."

ಸಾರ್ಜು ಮೊಬೈಲನ್ನು ಜೇಬಿಗಿಟ್ಟ. "ಅವಳಿಗೆ ಮಗು ಬಿಟ್ಟು ಅರವತ್ತು ಮನೆ ತಿರುಗೋಕಾಗುತ್ತಾ?" ಎಂದಷ್ಟೇ ಹೇಳಿ ಮುಂದಿನ ಮರಕ್ಕೆ ಹೋದ.

ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ಪೈನಾ ವಾಗಿರಾಳ ಅಂಗಳಕ್ಕೆ ಬಂದಳು. ಅವಳ ಮಗನ ಮೊಬೈಲಿಗೂ ಅದೇ ಮೆಸೇಜು ಬಂದಿತ್ತು.

"ನೀನ್ ಹೋಗ್ತೀಯೇನೇ?"

"ನೀನು?"

"ನೀನ್ ಹೋದ್ರೆ ಹೋಗೋದು."

ಪೈನಾ ಹೋದ ಮೇಲೆ ಇನ್ನೊಬ್ಬಳು ಕರಿಬೇವಿನಂಥ ಎಲೆಯೊಂದನ್ನು ಕೇಳುವ ನೆಪದಲ್ಲಿ ಬಂದಳು. ಮತ್ತೊಬ್ಬಳು ಕಳೆದುಹೋದ ಕೋಳಿ ಹುಡುಕುತ್ತಾ ಬಂದಳು. ಕೋಳಿ ಅವಳ ಹಿಂದೆಯೇ ಬರುತ್ತಿತ್ತು. ಎಲ್ಲರೂ ವಾಗಿರಾ ಉಡುಗೆ ಬದಲಿಸಿದ್ದಾಳೋ, ಬೀಸಣಿಗೆ ತೆಗೆದಿಟ್ಟುಕೊಂಡಿದ್ದಾಳೋ ಎಂದು ನೋಡಿ ಹೋದರು. ತಾನು ಕದಲದೆ ಊರು ಕದಲುವುದಿಲ್ಲ ಎಂಬುದು ವಾಗಿರಾಳಿಗೆ ಆಗ ಸ್ಪಷ್ಟವಾಯಿತು. ಅದರಿಂದ ಹೆಮ್ಮೆಯಾಗಬೇಕಿತ್ತು. ಆಗಲಿಲ್ಲ.

ಒಂಬತ್ತರ ಹೊತ್ತಿಗೆ ಅವಳು ಬಾಳೆಲೆ ಕೊಯ್ಯುವ ನೆಪ ಮಾಡಿಕೊಂಡು ಹಿತ್ತಲ ಬೇಲಿಯವರೆಗೆ ಹೋದಳು. ಅಲ್ಲಿಂದ ಮುರ್ನಿಯ ಅಡಿಗೆಮನೆ ಕಾಣುತ್ತಿತ್ತು. ಔತಣದ ಮನೆಯಲ್ಲಿ ಆ ಹೊತ್ತಿಗೆ ನಾಲ್ಕು ಒರಳು ಒಟ್ಟಿಗೆ ಸದ್ದು ಮಾಡುತ್ತಿರಬೇಕು. ಅಲ್ಲಿ ಏನೂ ಸದ್ದಿರಲಿಲ್ಲ. ಮುರ್ನಿ ಒಬ್ಬಳೇ ನೆಲದ ಮೇಲೆ ಕೂತು ಕಾಯಿ ತುರಿಯುತ್ತಿದ್ದಳು. ಮಗು ಅವಳ ಎದೆಗೆ ಕಟ್ಟಿದ ಬಟ್ಟೆಯ ಜೋಲಿಯಲ್ಲಿತ್ತು. ಮಗುವಿನ ತಲೆಗೆ ತಗುಲದಂತೆ ಅವಳು ಮೈಯನ್ನು ಅಡ್ಡ ತಿರುಗಿಸಿಕೊಂಡು ತುರಿಯಬೇಕಿತ್ತು. ತುಗಿಯೊ ಕೋಳಿ ತರಲು ಸಂತೆಗೆ ಹೋಗಿದ್ದನೇನೋ. ಜಗಲಿಯ ಮೇಲೆ ಎರಡು ಪುಟ್ಟ ಕರೆಂಟಿನ ಅನ್ನದ ಡಬ್ಬಿಗಳು ಕೆಂಪು ದೀಪ ಹಚ್ಚಿಕೊಂಡು ಕೂತಿದ್ದವು. ಪಕ್ಕದಲ್ಲಿ ತೊಳೆಯದ ಅಕ್ಕಿಯ ಮೂಟೆ.

‘ಅರವತ್ತು ಮನೆಯ ಅನ್ನ ಆ ಡಬ್ಬಿಯಲ್ಲಿ!’ ಎಂದುಕೊಂಡಳು ವಾಗಿರಾ. ಅವಳು ಅಂದು ಯಾಕೆ ಹೋದಳು ಎಂದು ಯಾರಾದರೂ ಕೇಳಿದರೆ ಈ ಡಬ್ಬಿಗಳ ಕಥೆಯನ್ನೇ ಹೇಳುತ್ತಾಳೆ. ಅದು ಸುಳ್ಳೂ ಅಲ್ಲ. ಆದರೆ ಬೇಲಿಯ ಬಳಿ ನಿಂತಾಗ ಅವಳಿಗೆ ಇನ್ನೊಂದು ನೆನಪೂ ಬಂದಿತ್ತು. ‘ತಾವು, ದಯಮಾಡಿಸಿ’ ಎಂಬ ಆ ಬಾಣವನ್ನು ಅವಳು ಕಲಿತದ್ದು ಅಜ್ಜಿಯಿಂದ. ಅಜ್ಜಿ ಅದನ್ನು ಬಾಗಿಲು ಹಾಕಿಕೊಂಡು ಬಿಟ್ಟಿದ್ದಳು, ಮೂರನೆಯ ದಿನ ತಾನೇ ಕಿತ್ತು ಎಣ್ಣೆ ಹಚ್ಚಿದ್ದಳು. ತಾನು ಮೂವತ್ತು ಜನರ ಮುಂದೆ ಬಿಟ್ಟು, ಅದು ಚುಚ್ಚಿಕೊಂಡೇ ಇರಲಿ ಎಂದು ಒಂದು ವರ್ಷ ಸುಮ್ಮನಿದ್ದಳು.

ಮನೆಗೆ ಬಂದು ಉಡುಗೆ ಬದಲಿಸಿದಳು. ತಾಮ್ರದ ಹಂಡೆಯನ್ನು ತಲೆಯ ಮೇಲೆ, ಬಿದಿರಿನ ಬುಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡಳು. ಬೇಲಿ ದಾಟಿದರೆ ಇಪ್ಪತ್ತು ಹೆಜ್ಜೆ. ಅವಳು ಊರಿನ ದಾರಿ ಹಿಡಿದು, ಪೈನಾಳ ಮನೆಯ ಮುಂದೆ, ಕೋಳಿಯವಳ ಮನೆಯ ಮುಂದೆ ಸುತ್ತಿ ಹೋದಳು.

"ಎತ್ತ ಹೊರಟ್ರೀ ಸಿಂಬೊಕ್?" ಎಂದು ಜಗಲಿಯಿಂದ ಯಾರೋ ಕೇಳಿದರು.

"ಮುರ್ನಿ ಮನೆಗೆ," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಕರೆದಿದ್ದಾಳೆ."

ಹಿತ್ತಲ ಬಾಗಿಲಲ್ಲಿ ನಿಂತು, "ಒಳಗೆ ಬರಬಹುದಾ?" ಎಂದಳು. ಮುರ್ನಿ ತಲೆಯೆತ್ತಿ ನೋಡಿದಳು. ಏಳಲು ಹೋಗಿ, ಮಗು ಅಲುಗಿದ್ದರಿಂದ ಅರ್ಧಕ್ಕೇ ಕೂತಳು. ಯಾವ ಮಾತಿನಲ್ಲಿ ಒಳಗೆ ಕರೆಯಬೇಕೆಂದು ಅವಳಿಗೆ ತಿಳಿಯದು. ವಾಗಿರಾ ಕಾಯಲಿಲ್ಲ. ಕರೆಂಟಿನ ಡಬ್ಬಿಗಳ ವೈರು ಕಿತ್ತಳು, ಮೂರು ಕಲ್ಲು ಹುಡುಕಿ ಹಿತ್ತಲಲ್ಲಿ ಒಲೆ ಹೂಡಿದಳು. ಹೊಗೆ ತೆಂಗಿನ ಗರಿಗಳ ಮೇಲೆ ಏರುತ್ತಿದ್ದಂತೆ ಪೈನಾ ಮೊರ ಹಿಡಿದು ಬಂದಳು. ಹತ್ತು ಗಂಟೆಯ ಹೊತ್ತಿಗೆ ಹದಿನೆಂಟು ಹೆಂಗಸರಿದ್ದರು. ಒರಳುಗಳು ಶುರುವಾದವು. ಯಾರೋ ಮಗುವನ್ನು ಮುರ್ನಿಯ ಎದೆಯಿಂದ ಬಿಚ್ಚಿ ಎತ್ತಿಕೊಂಡರು. ಎಲ್ಲರೂ ದಿನವೂ ಬಂದುಹೋಗುವ ಮನೆಯೇ ಇದು ಎಂಬಂತೆ ಮಾತಾಡಿದರು: ಮೆಣಸಿನಕಾಯಿಯ ಖಾರ, ಮೊಮ್ಮಕ್ಕಳ ಕೆಮ್ಮು. ಆಗಿದ್ದನ್ನು ಎತ್ತದೇ ಇರುವುದೇ ಅಲ್ಲಿ ಮರ್ಯಾದೆ.

ಮುರ್ನಿ ಅದನ್ನು ಕಲಿತಿರಲಿಲ್ಲ. ಸೊಪ್ಪು ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟು, ಬೆರಕೆ ಭಾಷೆಯಲ್ಲಿ, ತನಗೆ ಗೊತ್ತಿದ್ದಷ್ಟು ಮರ್ಯಾದೆ ಕೂಡಿಸಿ, ನೇರವಾಗಿ ಹೇಳಿದಳು: "ಸಿಂಬೊಕ್, ಅವತ್ತು ನೀವು ನನ್ನ ಆಡ್ಕೊಂಡ್ ನಕ್ಕಿದ್ದು ನಂಗೆ ತುಂಬಾ ನೋವಾಯ್ತು. ನಂಗೆ ಅರ್ಥ ಆಗದೆ ನಾನೂ ನಕ್ಕಿದ್ನಲ್ಲಾ, ಅದು ಇನ್ನೂ ನೋವಾಯ್ತು."

 ಅಲ್ಲಿದ್ದವರಲ್ಲಿ ಯಾರೂ ತಮ್ಮ ಜನ್ಮದಲ್ಲಿ ಇನ್ನೊಬ್ಬರ ಮುಖಕ್ಕೆ ಹೀಗೆ ಹೇಳಿದವರಲ್ಲ, ಹೇಳಿಸಿಕೊಂಡವರೂ ಅಲ್ಲ. ಪೈನಾ ಕಾಯಿತುರಿಯ ಬಟ್ಟಲಲ್ಲೇ ಮುಖ ಹುದುಗಿಸಿದಳು. ವಾಗಿರಾ ಒಲೆಯನ್ನೇ ನೋಡುತ್ತಾ ಕೂತಳು. ಕ್ಷಮೆ ಕೇಳುವ ಮಾತು ಅವಳಿಗೆ ಬರುತ್ತಿರಲಿಲ್ಲವೆಂದಲ್ಲ. ಹಬ್ಬದ ದಿನ ಊರಿನವರೆಲ್ಲ ಒಬ್ಬರಿಗೊಬ್ಬರು ಹೇಳುವ ದೊಡ್ಡ ಕ್ಷಮೆಯ ಮಾತು ಅವಳಿಗೆ ಬಾಯಿಪಾಠವಾಗಿತ್ತು. ಅದು ಇಲ್ಲಿಗೆ ಹೊಂದುವಂಥದ್ದಲ್ಲ ಎನಿಸಿತು.

"ಉರಿ ಜಾಸ್ತಿ ಆಯ್ತು," ಎಂದಳು. "ಒಂದು ಕೊಳ್ಳಿ ಈಚೆಗೆ ಎಳಿ."

ಮುರ್ನಿ ಎಳೆದಳು, ಎಡಗೈಯಿಂದ.

ವಾಗಿರಾ, ಯಾರಿಗೆಂದಿಲ್ಲದೆ, ಹಂಡೆಗೆ ಹೇಳುವವಳ ಹಾಗೆ ಶುರುಮಾಡಿದಳು: "ನಾನೂ ಲಾಂಪುಂಗ್‌ನವಳೇ. ಅಲ್ಲೇ ಹುಟ್ಟಿದ್ದು. ಎಂಟು ವರ್ಷದವಳು ಈ ಊರಿಗೆ ಬಂದ ಮಾರನೇ ದಿನ ಬಾಪಕ್ ಜೊಯೊ ಅವರಿಗೆ ಏನಂದೆ ಗೊತ್ತಾ? ‘ನೀನು ತಿಂದ್ಯಾ’ ಅಂದೆ."

"ಯಾರಿಗೆ?" ಎಂದಳು ಕೋಳಿಯವಳು, ಒನಕೆ ಕೈಯಲ್ಲೇ ನಿಲ್ಲಿಸಿ. "ಮುಖಂಡರಿಗಾ?"

"ಮೀಸೆ ಇದ್ದ ಮುಖಂಡರಿಗೆ."

"ನಾನಲ್ಲೇ ಇದ್ದೆ!" ಪೈನಾ ಬಟ್ಟಲಿನಿಂದ ಮುಖ ಎತ್ತಿದಳು. "ನಕ್ಕು ನಕ್ಕು ನನ್ನ ಲಂಗ ಒದ್ದೆ ಆಗಿತ್ತು ಕಣ್ರೇ. ಆಮೇಲೆ ಇನ್ನೊಂದು ಸಲ ‘ನಾನು ಭೋಜನಕ್ಕೆ ದಯಮಾಡಿಸಿದ್ದೇನೆ’ ಅಂದ್ಲು ನೋಡಿ ಈ ಮಹಾರಾಣಿ!"

ಹುಡುಗಿಯರಿಗೆ ನಂಬಲಾಗಲಿಲ್ಲ. ಮೆಣಸಿನಕಾಯಿ ಕಣ್ಣಿನ ಸಿಂಬೊಕ್ ವಾಗಿರಾ! ಮೊದಲು ಹೆದರಿ ಹೆದರಿ, ಆಮೇಲೆ ತಡೆಯಲಾರದೆ ನಕ್ಕರು. ವಾಗಿರಾ ಅವರನ್ನು ನಗಲು ಬಿಟ್ಟಳು. ಇಷ್ಟು ವರ್ಷ ತಾನು ಬಾಯಿಬಿಡದೆ ಇಟ್ಟದ್ದು ಹೊರಬಿದ್ದಾಗ ಕಿವಿ ಮತ್ತೆ ಬಿಸಿಯಾಯಿತು. ಆದರೆ ಮುರ್ನಿ ನಗುತ್ತಿರಲಿಲ್ಲ. ವಾಗಿರಾಳನ್ನೇ ನೋಡುತ್ತಿದ್ದಳು.

"ಲಾಂಪುಂಗಲ್ಲಿ ಎಲ್ಲಿ, ಸಿಂಬೊಕ್?" ಎಂದು ಮೆಲ್ಲಗೆ ಕೇಳಿದಳು.

"ಮೆಟ್ರೊ ಪಟ್ಟಣದಿಂದ ಒಳಗೆ. ದೊಡ್ಡ ಕಾಲುವೆ ಇತ್ತು."

"ಅಯ್ಯೋ, ಆ ಕಾಲುವೇಲೇ ನಾವು ಈಜ್ತಿದ್ದಿದ್ದು."

ವಾಗಿರಾ ಬುಟ್ಟಿಯನ್ನು ಹಂಡೆಯಿಂದ ಎತ್ತಿ ಮೊರಕ್ಕೆ ಸುರಿದಳು, ಬೀಸಣಿಗೆಯನ್ನು ಮುರ್ನಿಯ ಕೈಗೆ ಕೊಟ್ಟಳು. ಸಂಜೆ ಗಂಡಸರು ಬಂದು ಚಾಪೆಯ ಮೇಲೆ ಕೂತು ಪ್ರಾರ್ಥನೆ ಮಾಡಿದರು. ಮಗುವಿಗೆ ಹೆಸರಿಟ್ಟು, ಕೆಂಪು ಗಂಜಿ, ಬಿಳಿ ಗಂಜಿ, ಅನ್ನ ತುಂಬಿದ ಬಿದಿರಿನ ಡಬ್ಬಿ ತೆಗೆದುಕೊಂಡು ಮನೆಗೆ ಹೋದರು. ಅರವತ್ತು ಮನೆಗೂ ಅನ್ನ ಸರಿಹೋಯಿತು.

ಆಮೇಲೆ ಮುರ್ನಿ ಎಲ್ಲ ಮನೆಯ ಅಡಿಗೆಗೂ ಹೋದಳು. ಮಾತು ಕಲಿಯಲು ಅವಳಿಗೆ ನಾಲ್ಕು ವರ್ಷ ಬೇಕಾಯಿತು. ಈಗಲೂ ಅವಸರದಲ್ಲಿ ಎಡವುತ್ತಾಳೆ. ಮಗಳೂ ತಾಯಿಯ ಹಾಗೆ ಎಡಚಳೇ ಆದಳು. ವಾಗಿರಾ ಆ ಪುಟ್ಟ ಎಡಗೈಯನ್ನು ಹಿಡಿದು ಮಡಚಲು ಹೋದಾಗ ಮುರ್ನಿ ನೇರವಾಗಿಯೇ ಅಂದಳು, "ಸಿಂಬೊಕ್, ಅದನ್ನ ಹಿಂಡಬೇಡಿ. ಅವಳು ಅದ್ರಲ್ಲೇ ಬರೆಯೋದು." ಎರಡು ದಿನ ವಾಗಿರಾ ಮುಖ ಬಿಗಿದುಕೊಂಡಿದ್ದಳು. ಮೂರನೆಯ ದಿನ, "ಬರೆಯೋದು ಯಾವುದ್ರಲ್ಲಾದ್ರೂ ಬರೀಲಿ. ಜನಕ್ಕೆ ಕೊಡೋವಾಗ ಮಾತ್ರ ಬಲಗೈ," ಎಂದಳು. ಅದು ಹಾಗೆಯೇ ಇತ್ಯರ್ಥವಾಯಿತು. ಮುಖಕ್ಕೆ ಮುಖ ಹೇಳುವ ಮುರ್ನಿಯ ಚಾಳಿಯನ್ನು ಊರು ಒಪ್ಪಿಕೊಂಡಿತು ಎನ್ನಲಾಗದು, ಬಳಸಿಕೊಳ್ಳಲು ಕಲಿಯಿತು. ಕೊಟ್ಟ ಪಾತ್ರೆ ವಾಪಸು ಬರದಿದ್ದರೆ, ಯಾರದೋ ಮೇಕೆ ಯಾರದೋ ಗೆಣಸು ತಿಂದರೆ, "ಮುರ್ನಿ, ನೀನೇ ಒಂದ್ ಮಾತು ಕೇಳ್ಬಿಡೇ," ಎನ್ನುತ್ತಾರೆ.

ವಾಗಿರಾಳಿಗೆ ಈಗ ಮಂಡಿನೋವು. ಹಂಡೆಯ ಮುಂದೆ ಹೆಚ್ಚು ಹೊತ್ತು ಕೂರಲಾಗುವುದಿಲ್ಲ; ಅನ್ನದ ಒಲೆ ಕೋಳಿಯವಳ ಸೊಸೆಗೆ ಹೋಗಿದೆ. ಹೋದ ವರ್ಷ ಸಾರ್ಜುವಿನ ತಮ್ಮನ ಮಗಳ ಮದುವೆ ಜೊಗ್ಜಾ ಪಟ್ಟಣದ ದೊಡ್ಡ ಸಭಾಂಗಣದಲ್ಲಿ ನಡೆಯಿತು. ಅಡಿಗೆ ಗುತ್ತಿಗೆಯವರದು. ವಾಗಿರಾ, ಪೈನಾ, ಮುರ್ನಿ ಹೊಸ ಉಡುಪು ತೊಟ್ಟು ಕುರ್ಚಿಗಳ ಮೇಲೆ ಸಾಲಾಗಿ ಕೂತರು. ಜನ ನಿಂತುಕೊಂಡೇ ಉಣ್ಣುತ್ತಿದ್ದರು. ಅರ್ಧ ಗಂಟೆ ಕೈಕಟ್ಟಿ ಕೂತು ವಾಗಿರಾಳಿಗೆ ಬೆನ್ನು ಹಿಡಿದುಕೊಂಡಿತು. ನೀರು ಕುಡಿದು ಬರುತ್ತೇನೆಂದು ಎದ್ದಳು.

ಸಭಾಂಗಣದ ಹಿಂದೆ ಗುತ್ತಿಗೆಯವರ ಹೆಂಗಸರು ತಲೆಗೆ ಬಿಳಿ ಟೋಪಿ ಹಾಕಿಕೊಂಡು ದೊಡ್ಡ ದೊಡ್ಡ ಉಕ್ಕಿನ ಪಾತ್ರೆಗಳನ್ನು ಸಾಲಾಗಿಟ್ಟಿದ್ದರು. ವಾಗಿರಾ ಒಂದರ ಮುಚ್ಚಳ ತೆರೆದು ನೋಡಿದಳು.

"ಅಮ್ಮಾ, ಹೊರಗಿನವರು ಇಲ್ಲಿ ಬರ್ಬಾರ್ದು," ಎಂದಳು ಟೋಪಿಯವಳು.

"ಮುಚ್ಚಳದ ಬೆವರು ಅನ್ನದ ಮೇಲೆ ತೊಟ್ಟಿಕ್ತಾ ಇದೆಯಲ್ಲಮ್ಮಾ," ಎಂದಳು ವಾಗಿರಾ. "ಒಂದು ಒಣ ಬಟ್ಟೆ ಕೊಡು ಇಲ್ಲಿ."

ಟೋಪಿಯವಳು ಅವಳ ಮುಖ ನೋಡಿದಳು, ಆಮೇಲೆ ಬಟ್ಟೆ ಕೊಟ್ಟಳು. ಸ್ವಲ್ಪ ಹೊತ್ತಿಗೆ ಮುರ್ನಿಯೂ ಪೈನಾಳೂ ಹುಡುಕಿಕೊಂಡು ಬಂದರು, ತೋಳು ಮೇಲಕ್ಕೆ ಸರಿಸಿಕೊಂಡು ಉಳಿದ ಪಾತ್ರೆಗಳ ಕಡೆ ತಿರುಗಿದರು. ಒಳಗೆ ಫೋಟೊ ತೆಗೆಯುವವನು ಧ್ವನಿವರ್ಧಕದಲ್ಲಿ ವಾಟುಗೆಡೆಯವರೆಲ್ಲ ವೇದಿಕೆಗೆ ಬರಬೇಕೆಂದು ಮೂರು ಸಲ ಕೂಗಿದ. ಫೋಟೊದಲ್ಲಿ ವಧೂವರರ ಪಕ್ಕ ಸಾರ್ಜು ಒಬ್ಬನೇ ನಿಂತಿದ್ದಾನೆ.